ಹಳೆಯ ಕಾಮಿಕ್ ಪುಸ್ತಕಗಳೂ ಅವುಗಳ ಬೆಲೆಯೂ



ನಮ್ಮ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ಒಂದು ಲೇಖನವನ್ನು ಬರೆಯತಕ್ಕ ವಾಡಿಕೆಯು ಮೊದಲಿನಿಂದಲೂ ನಡೆದುಬಂದಿರುವುದಷ್ಟೆ. ಅದರಲ್ಲಿ ಸಾಮಾನ್ಯವಾಗಿ ಪರೀಕ್ಷೆಯ ಫಲಿತಾಂಶ, ಕಟ್ಟಡದ ನಿಧಿ, ಹುಡುಗಿಯರ ಆರೋಗ್ಯ ಮುಂತಾದ ವಿಚಾರಗಳೇ ಇರುವುವು. ಈ ಸಾರಿ ಅವುಗಳನ್ನು ವರದಿಗೆ ಬಿಟ್ಟು, ಶಾಲೆಯ ಸಂಚಿಕೆಗೆ ಇದು ತಕ್ಕದ್ದೋ ಎಂದು ನಿಮ್ಮಲ್ಲಿ ಕೆಲವರು ಸಂದೇಹಪಡಬಹುದಾದ ಒಂದು ವಿಷಯವನ್ನು, ಎಂದರೆ ಅಮೇರಿಕಾ ದೇಶದ ಹಳೆಯ ಕಾಮಿಕ್ ಪುಸ್ತಕಗಳ ವಿಷಯವನ್ನು, ಎತ್ತಿಕೊಂಡಿದ್ದೇನೆ. ಇದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುವುದು ನ್ಯಾಯವಾಗಿದೆ.

ಕಳೆದ ವಾರ್ಷಿಕೋತ್ಸವಕ್ಕೆ ಬಂದಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ತಾನೇ ಇಬ್ಬರು ಮಕ್ಕಳ ತಾಯಿಯಾಗಿರುವವಳು, ಚಹಾದ ಹೊತ್ತಿನಲ್ಲಿ ನನ್ನ ಬಳಿಗೆ ಬಂದು, "ಟೀಚರ್, ನಾನು ಎಂಟನೆಯ ತರಗತಿಯಲ್ಲಿದ್ದಾಗ ನೀವು ನನ್ನಿಂದ ತೆಗೆದಿಟ್ಟುಕೊಂಡ ಕಾಮಿಕ್ ಪುಸ್ತಕ ಇನ್ನೂ ಇದೆಯೇ?" ಎಂದು ನಗುತ್ತಾ ಕೇಳಿದಳು. ನನಗೆ ಆ ಸಂಗತಿಯು ಚೆನ್ನಾಗಿ ನೆನಪಿತ್ತು. ಆಗ ನಾನು ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಹೊಸ ಉಪಾಧ್ಯಾಯಿನಿಗೆ ಇರುವ ಕಾಠಿನ್ಯವೆಲ್ಲವೂ ನನ್ನಲ್ಲಿತ್ತು. ಭೂಗೋಳದ ಪುಸ್ತಕದೊಳಗೆ ಅಡಗಿಸಿ ಓದುತ್ತಿದ್ದ ಆ ಪುಸ್ತಕವನ್ನು ಕಸಿದು, ವರ್ಷದ ಕೊನೆಗೆ ಕೊಡುವೆನೆಂದು ಹೇಳಿ ಕಪಾಟಿನಲ್ಲಿಟ್ಟೆನು. ವರ್ಷದ ಕೊನೆಗೆ ಅದು ಹಳೆಯ ಉತ್ತರಪತ್ರಿಕೆಗಳ ಕಟ್ಟಿನೊಂದಿಗೆ ಗುಜರಿಯವನ ತಕ್ಕಡಿಗೆ ಹೋಯಿತು.

"ಇಲ್ಲವಮ್ಮಾ, ಅದು ಹೋಯಿತು" ಎಂದೆನು.

"ಚಿಂತೆಯಿಲ್ಲ ಟೀಚರ್. ಅದು ನಮ್ಮ ಸೋದರಮಾವನದು. ಹಡಗಿನ ಕೆಲಸದಲ್ಲಿದ್ದಾಗ ಅಮೇರಿಕಾದಿಂದ ತಂದದ್ದು. ಮೇಲ್ಪುಟದಲ್ಲಿ ಅವರ ಹೆಸರಿತ್ತು. ಈಗ ಅವರಿಲ್ಲ. ನನ್ನ ಮಗ ಇಂಥ ಪುಸ್ತಕಗಳ ಹುಚ್ಚಿನವನು. ಅದು ಯಾವ ಪುಸ್ತಕ, ಎಷ್ಟನೆಯ ಸಂಖ್ಯೆ, ಈಗ ಎಷ್ಟು ಬೆಲೆಯಾಗುತ್ತಿತ್ತು ಎಂದು ಕೇಳುತ್ತಾನೆ. ನನಗೆ ನೆನಪಿಲ್ಲ. ನಿಮಗೆ ನೆನಪಿದೆಯೇ?"

ನನಗೆ ನೆನಪಿರಲಿಲ್ಲ. ನೆನಪಿರಲು ಕಾರಣವೂ ಇರಲಿಲ್ಲ. ಯಾಕಂದರೆ ನಾನು ಅದರ ಹೆಸರನ್ನು ಓದಿಯೇ ಇರಲಿಲ್ಲ. ಓದುವುದನ್ನು ಕಲಿಸುವವಳೇ ಓದದೆ ಬಿಸಾಡಿದಳೆಂಬ ನಾಚಿಕೆಯು ಅಂದಿನಿಂದ ನನ್ನನ್ನು ಬಿಡಲಿಲ್ಲ. ಆ ಹುಡುಗನ ಪ್ರಶ್ನೆಗೆ ಪೂರ್ತಿಯಾದ ಉತ್ತರವನ್ನು ಇನ್ನು ಕೊಡಲಾರೆನು. ಆದರೂ ಇಂಥಾ ಪುಸ್ತಕಗಳಿಗೆ ಬೆಲೆ ಬರುವುದು ಯಾವ ಕಾರಣದಿಂದ ಎಂಬುದನ್ನಾದರೂ ತಿಳಿದು ಹೇಳಬೇಕೆಂದು ಒಂದು ವರ್ಷ ಓದಿದೆನು. ಅದರ ಸಾರವನ್ನು ಕೆಳಗೆ ಬರೆದಿದ್ದೇನೆ.

ಕಾಮಿಕ್ ಪುಸ್ತಕವೆಂಬುದು ಚೌಕ ಚೌಕವಾದ ಚಿತ್ರಗಳ ಸಾಲಿನಿಂದ ಕಥೆಯನ್ನು ಹೇಳುವ ತೆಳ್ಳಗಿನ ಪುಸ್ತಕವೆಂದು ಎಲ್ಲರಿಗೂ ತಿಳಿದದ್ದೇ. ಅಮೇರಿಕಾದಲ್ಲಿ ಇದು ವರ್ತಮಾನ ಪತ್ರಿಕೆಗಳಿಂದ ಹುಟ್ಟಿತು. ಆದಿತ್ಯವಾರದ ಪತ್ರಿಕೆಗಳಲ್ಲಿ ಬರುತ್ತಿದ್ದ ಹಾಸ್ಯಚಿತ್ರಗಳನ್ನು ೧೯೩೦ರ ದಶಕದಲ್ಲಿ ಒಟ್ಟುಗೂಡಿಸಿ, ಹೊಲಿದು, ಹತ್ತು ಸೆಂಟಿಗೆ ಮಾರತೊಡಗಿದರು. ಹಳೆಯ ಚಿತ್ರಗಳು ಸಾಲದೆ ಹೋದಾಗ ಹೊಸ ಕಥೆಗಳನ್ನು ಬರೆಯಿಸುವ ಅಗತ್ಯವು ಉಂಟಾಯಿತು. ಹೀಗೆ ಹೊಸ ಕಥೆಯನ್ನು ಹುಡುಕುತ್ತಿದ್ದ ಪ್ರಕಾಶಕರ ಕೈಗೆ ಒಹಾಯೋ ಸಂಸ್ಥಾನದ ಕ್ಲೀವ್‌ಲೆಂಡ್ ಪಟ್ಟಣದ ಇಬ್ಬರು ತರುಣರ ಕಥೆಯೊಂದು ಬಂತು. ಬರೆದವನು ಜೆರಿ ಸೀಗೆಲ್, ಚಿತ್ರಿಸಿದವನು ಜೋ ಶುಸ್ಟರ್. ಇವರಿಬ್ಬರೂ ೧೯೧೪ರಲ್ಲಿ ಹುಟ್ಟಿದವರು. ಗ್ಲೆನ್‌ವಿಲ್ ಹೈಸ್ಕೂಲಿನಲ್ಲಿ ಸ್ನೇಹಿತರಾದವರು. ತಮ್ಮ ಶಾಲೆಯ ಪತ್ರಿಕೆಗಾಗಿ ಕೆಲಸಮಾಡಿದವರು. ಶಾಲೆಯ ಪತ್ರಿಕೆಯನ್ನು ಹಗುರವಾಗಿ ಕಾಣುವವರು ಇದನ್ನು ಗಮನಿಸಬೇಕು.

ಅವರ ಕಥಾನಾಯಕನು ಸೂಪರ್‌ಮ್ಯಾನ್. ಬೇರೊಂದು ಗ್ರಹದಿಂದ ಶಿಶುವಾಗಿ ಬಂದು, ಅಪಾರ ಬಲವುಳ್ಳವನಾಗಿ ಬೆಳೆದು, ದುರ್ಬಲರ ಪಕ್ಷದಲ್ಲಿ ನಿಲ್ಲುವವನು. ವರ್ತಮಾನ ಪತ್ರಿಕೆಗಳಿಗೆ ಚಿತ್ರಗಳನ್ನು ಒದಗಿಸುವ ಸಂಸ್ಥೆಗಳು ಈ ಕಥೆಯನ್ನು ವರ್ಷಗಟ್ಟಲೆ ತಿರಸ್ಕರಿಸುತ್ತಾ ಬಂದಿದ್ದವು. ಕಡೆಗೆ ೧೯೩೮ನೆಯ ಇಸವಿಯ ಜೂನ್ ತಿಂಗಳ ಹೆಸರಿನಲ್ಲಿ 'ಆ್ಯಕ್ಷನ್ ಕಾಮಿಕ್ಸ್' ಎಂಬ ಪುಸ್ತಕಮಾಲೆಯ ಒಂದನೆಯ ಸಂಖ್ಯೆಯಲ್ಲಿ ಅದು ಪ್ರಕಟವಾಯಿತು. ಕಥೆಯು ಹದಿಮೂರು ಪುಟ. ಪುಟಕ್ಕೆ ಹತ್ತು ಡಾಲರು. ಒಟ್ಟು ೧೩೦ ಡಾಲರು. ಆ ಹಣದೊಡನೆ ಸೂಪರ್‌ಮ್ಯಾನನ ಸರ್ವ ಹಕ್ಕುಗಳೂ ಪ್ರಕಾಶಕರ ಪಾಲಾದುವು. ಅತಿಮಾನುಷ ವೀರರ ಕಥೆಗಳೆಂಬ ಇಡೀ ಸಾಹಿತ್ಯವು ಇಲ್ಲಿಂದ ಆರಂಭವಾಯಿತೆಂದು ಹೇಳುವರು. ಮುಂದಿನ ವರ್ಷದ ಮೇ ತಿಂಗಳಲ್ಲಿ 'ಡಿಟೆಕ್ಟಿವ್ ಕಾಮಿಕ್ಸ್' ೨೭ನೆಯ ಸಂಖ್ಯೆಯಲ್ಲಿ ಬ್ಯಾಟ್‌ಮ್ಯಾನ್ ಕಾಣಿಸಿಕೊಂಡನು.

ಆ ಮೊದಲನೆಯ ಸಂಖ್ಯೆಯನ್ನು ಸುಮಾರು ಎರಡು ಲಕ್ಷ ಪ್ರತಿಗಳಷ್ಟು ಅಚ್ಚುಹಾಕಿದ್ದರು. ಈಗ ಉಳಿದಿರುವುವು ನೂರರ ಆಸುಪಾಸೆಂದು ಬಲ್ಲವರ ಅಂದಾಜು. ಮಿಕ್ಕವುಗಳೆಲ್ಲ ಏನಾದುವು? ಈ ಪ್ರಶ್ನೆಯಲ್ಲಿಯೇ ಬೆಲೆಯ ಮೊದಲ ರಹಸ್ಯವು ಅಡಗಿದೆ.

ಒಂದನೆಯದಾಗಿ, ಅವುಗಳ ಕಾಗದವೇ ಅಲ್ಪಾಯುಷ್ಯದ್ದು. ಮರವನ್ನು ಅರೆದು ಮಾಡಿದ ಅಗ್ಗದ ಪತ್ರಿಕಾಕಾಗದದಲ್ಲಿ ಲಿಗ್ನಿನ್ ಎಂಬ ಪದಾರ್ಥವು ಉಳಿದುಕೊಂಡಿರುತ್ತದೆ. ಬೆಳಕೂ ಗಾಳಿಯೂ ತಗಲಿದಂತೆ ಅದು ಹಳದಿಯಾಗಿ, ಆಮ್ಲವುಂಟಾಗಿ, ಕಾಗದವು ಹಪ್ಪಳದಂತೆ ಮುರಿಯುವುದು. ಎರಡನೆಯದಾಗಿ, ಅವುಗಳನ್ನು ಕೊಂಡವರು ಮಕ್ಕಳು. ಅವರು ಓದಿದರು, ಮಡಿಸಿ ಜೇಬಿಗಿಟ್ಟರು, ಗೆಳೆಯರೊಡನೆ ಬದಲಾಯಿಸಿಕೊಂಡರು, ಬಹುಮಾನದ ಚೀಟಿಗಳನ್ನು ಕತ್ತರಿಸಿ ಅಂಚೆಗೆ ಹಾಕಿದರು. ಮೂರನೆಯದಾಗಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ದೇಶಕ್ಕೆ ಕಾಗದ ಬೇಕೆಂಬ ಕರೆ ಬಂದಾಗ ಮಕ್ಕಳು ಮನೆಮನೆಯಿಂದ ಹಳೆಯ ಕಾಗದವನ್ನು ಕೂಡಿಸಿ ಕೊಟ್ಟರು. ಅದರಲ್ಲಿ ಅವರ ಪುಸ್ತಕಗಳೂ ಕರಗಿಹೋದುವು. ನಾಲ್ಕನೆಯದಾಗಿ, ಮಗನು ದೊಡ್ಡವನಾಗಿ ಮನೆ ಬಿಟ್ಟ ಮೇಲೆ ಅವನ ಕೋಣೆಯನ್ನು ಗುಡಿಸಿದ ತಾಯಿಯು ಆ ಕಟ್ಟನ್ನು ಹೊರಗೆ ಹಾಕಿದಳು. ಈ ತಾಯಿಯನ್ನು ಆ ದೇಶದ ಸಂಗ್ರಾಹಕರು ಇಂದಿಗೂ ನಗುತ್ತಲೂ ನಿಟ್ಟುಸಿರಿಡುತ್ತಲೂ ನೆನೆಯುವುದುಂಟು.

ಐದನೆಯ ಕಾರಣವು ನಮ್ಮಂಥವರಿಗೆ ಸೇರಿದ್ದು. ಅದೇ ಶಾಲೆಯ ಕಾರಣ. ೧೯೪೮ರಲ್ಲಿ ವೆಸ್ಟ್ ವರ್ಜೀನಿಯಾ ಸಂಸ್ಥಾನದ ಸ್ಪೆನ್ಸರ್ ಎಂಬ ಊರಿನಲ್ಲಿ ಶಾಲಾಮಕ್ಕಳು ಮನೆಮನೆಗೆ ಹೋಗಿ ಕಾಮಿಕ್ ಪುಸ್ತಕಗಳನ್ನು ಶೇಖರಿಸಿ ರಾಶಿ ಹಾಕಿ ಸುಟ್ಟರು. ಅದೇ ವರ್ಷ ನ್ಯೂಯಾರ್ಕ್ ಸಂಸ್ಥಾನದ ಬಿಂಗ್‌ಹ್ಯಾಮ್ಟನ್ ಪಟ್ಟಣದ ಒಂದು ಕೆಥೋಲಿಕ್ ಶಾಲೆಯ ಮಕ್ಕಳೂ ಹಾಗೆಯೇ ಮಾಡಿದರು. ಉಪಾಧ್ಯಾಯರೂ ಸಭೆಯ ಹಿರಿಯರೂ ಹೆತ್ತವರೂ ಸುತ್ತ ನಿಂತು ಇದನ್ನು ಒಳ್ಳೆಯ ಕಾರ್ಯವೆಂದು ಮೆಚ್ಚಿದರು. ಹಿಟ್ಲರನ ದೇಶದಲ್ಲಿ ಪುಸ್ತಕಗಳನ್ನು ಸುಟ್ಟ ೧೯೩೩ನೆಯ ಇಸವಿಯಿಂದ ಅಂದಿಗೆ ಹದಿನೈದೇ ವರ್ಷಗಳು ಕಳೆದಿದ್ದುವು.

೧೯೫೪ರಲ್ಲಿ ನ್ಯೂಯಾರ್ಕಿನ ಮನೋರೋಗ ವೈದ್ಯರಾದ ಫ್ರೆಡರಿಕ್ ವರ್ಥಮ್ ಎಂಬವರು 'ಸಿಡಕ್ಷನ್ ಆಫ್ ದಿ ಇನೊಸೆಂಟ್' ಎಂಬ ಗ್ರಂಥವನ್ನು ಪ್ರಕಟಿಸಿ, ಬಾಲಾಪರಾಧಗಳಿಗೆ ಈ ಪುಸ್ತಕಗಳು ಕಾರಣವೆಂದು ವಾದಿಸಿದರು. ವರ್ಥಮರು ದುಷ್ಟರಾಗಿರಲಿಲ್ಲ. ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಕಪ್ಪು ಜನರಿಗಾಗಿ ಅಲ್ಪ ಶುಲ್ಕದ ಚಿಕಿತ್ಸಾಲಯವನ್ನು ನಡೆಸಿದವರು. ಬಿಳಿಯ ಮಕ್ಕಳಿಗೂ ಕಪ್ಪು ಮಕ್ಕಳಿಗೂ ಬೇರೆ ಬೇರೆ ಶಾಲೆಗಳಿರುವುದು ಹಾನಿಕರವೆಂದು ನ್ಯಾಯಾಲಯದಲ್ಲಿ ಸಾಕ್ಷಿ ನುಡಿದವರು. ಕೆಲವು ಕಾಮಿಕ್ ಪುಸ್ತಕಗಳಲ್ಲಿ ಕ್ರೂರವಾದ ಚಿತ್ರಗಳಿದ್ದುದೂ ನಿಜವೇ. ಆ ವರ್ಷವೇ ಅಮೇರಿಕಾದ ಸೆನೆಟಿನ ಒಂದು ಸಮಿತಿಯು ವಿಚಾರಣೆ ನಡೆಯಿಸಿತು; ಪ್ರಕಾಶಕರು ಹೆದರಿ ತಮಗೆ ತಾವೇ ಒಂದು ನಿಯಮಾವಳಿಯನ್ನು ಮಾಡಿಕೊಂಡರು. ಅದು ೨೦೧೧ರ ವರೆಗೆ ಹೆಸರಿಗಾದರೂ ಜೀವಿಸಿತ್ತು. ವರ್ಥಮರು ತೀರಿಕೊಂಡ ಬಹುಕಾಲದ ಮೇಲೆ, ೨೦೧೦ರಲ್ಲಿ, ಅವರ ಕಾಗದಪತ್ರಗಳು ಕಾಂಗ್ರೆಸ್ ಗ್ರಂಥಾಲಯದಲ್ಲಿ ಸಂಶೋಧಕರಿಗೆ ತೆರೆಯಲ್ಪಟ್ಟವು. ಇಲಿನಾಯ್ ವಿಶ್ವವಿದ್ಯಾಲಯದ ಅಧ್ಯಾಪಿಕೆಯೊಬ್ಬರು ಅವುಗಳನ್ನು ಪರಿಶೀಲಿಸಿ, ಮಕ್ಕಳು ಹೇಳಿದ ಮಾತುಗಳನ್ನು ವರ್ಥಮರು ಅಲ್ಲಲ್ಲಿ ತಿದ್ದಿಯೂ ಕೂಡಿಸಿಯೂ ಬಿಟ್ಟೂ ಬರೆದಿದ್ದರೆಂದು ೨೦೧೨ರಲ್ಲಿ ತೋರಿಸಿಕೊಟ್ಟರು. ಒಳ್ಳೆಯ ಉದ್ದೇಶವು ಒಳ್ಳೆಯ ಓದಿಗೆ ಬದಲಾಗಲಾರದು.

ಇದರಲ್ಲೊಂದು ವಿನೋದವೂ ಉಂಟು. ವರ್ಥಮರು ತಮ್ಮ ಗ್ರಂಥದಲ್ಲಿ ಖಂಡಿಸಿದ ಪುಸ್ತಕಗಳನ್ನೇ ಹುಡುಕಿ ಕೊಳ್ಳುವ ಸಂಗ್ರಾಹಕರಿದ್ದಾರೆ. ಬೆಲೆಪಟ್ಟಿಗಳಲ್ಲಿ ಅವುಗಳಿಗೆ ಪ್ರತ್ಯೇಕವಾದ ಗುರುತನ್ನು ಹಾಕಿ, ಇತರ ಪುಸ್ತಕಗಳಿಗಿಂತ ಹೆಚ್ಚು ಬೆಲೆ ಕಟ್ಟುವರು.

ಇಷ್ಟರಿಂದ ಹಳೆಯದೆಲ್ಲಾ ಬೆಲೆಯುಳ್ಳದ್ದೆಂದು ಭಾವಿಸಕೂಡದು. ಅದೇ ಕಾಲದ ಎಷ್ಟೋ ಕಾಮಿಕ್ ಪುಸ್ತಕಗಳು ಇಂದಿಗೂ ಅಲ್ಪ ಬೆಲೆಗೆ ಸಿಕ್ಕುವುವು. ಬೆಲೆಯನ್ನು ನಿರ್ಣಯಿಸುವ ಸಂಗತಿಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು, ಪಾತ್ರದ ಪ್ರಥಮ ದರ್ಶನ. ಜನರ ಮನಸ್ಸಿನಲ್ಲಿ ನಿಂತ ಒಬ್ಬ ವೀರನು ಯಾವ ಪುಸ್ತಕದಲ್ಲಿ ಮೊದಲು ಕಾಣಿಸಿಕೊಂಡನೋ ಅದಕ್ಕೆ ಬೇಡಿಕೆ ಹೆಚ್ಚು. 'ಅಮೇಜಿಂಗ್ ಫ್ಯಾಂಟಸಿ' ಎಂಬ ಮಾಲೆಯು ಮಾರಾಟವಿಲ್ಲದೆ ನಿಂತುಹೋಗುವುದರಲ್ಲಿತ್ತು. ೧೯೬೨ನೆಯ ಆಗಸ್ಟಿನ ಅದರ ಕೊನೆಯ ಸಂಖ್ಯೆಯಲ್ಲಿ, ಎಂದರೆ ೧೫ನೆಯದರಲ್ಲಿ, ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಎಂಬವರು ಸ್ಪೈಡರ್‌ಮ್ಯಾನ್ ಎಂಬ ಹೊಸ ಪಾತ್ರವನ್ನು ತಂದರು. ಅಂದು ಹನ್ನೆರಡು ಸೆಂಟಿಗೆ ಮಾರಿದ ಆ ಪುಸ್ತಕದ ಅತ್ಯುತ್ತಮ ಪ್ರತಿಯೊಂದು ೨೦೨೧ರಲ್ಲಿ ೩೬ ಲಕ್ಷ ಡಾಲರುಗಳಿಗೆ ಹರಾಜಾಯಿತು.

ಎರಡನೆಯದು, ಪುಸ್ತಕದ ಸ್ಥಿತಿ. ಇಲ್ಲಿ ಉಪಾಧ್ಯಾಯಿನಿಯಾದ ನನಗೆ ಬಹಳ ಪರಿಚಿತವಾದ ಒಂದು ಪದ್ಧತಿಯುಂಟು. ಅದೇ ಅಂಕ ಕೊಡುವುದು. ಸಿ.ಜಿ.ಸಿ. ಎಂಬ ಸಂಸ್ಥೆಯು ೨೦೦೦ನೆಯ ಇಸವಿಯಿಂದ ಈ ಕೆಲಸವನ್ನು ಮಾಡುತ್ತಿದೆ. ಪರೀಕ್ಷಕರು ಪುಟಗಳನ್ನು ಎಣಿಸಿ, ಬೆನ್ನಿನ ಸುಕ್ಕು, ಮೂಲೆಯ ಮಡಿಕೆ, ಪಿನ್ನಿನ ತುಕ್ಕು, ನೀರಿನ ಕಲೆ, ಕಾಗದದ ಬಿಳುಪು ಇವನ್ನೆಲ್ಲಾ ನೋಡಿ, ಅರ್ಧದಿಂದ ಹತ್ತರ ವರೆಗೆ ಅಂಕವನ್ನು ಕೊಟ್ಟು, ಪುಸ್ತಕವನ್ನು ಗಟ್ಟಿಯಾದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುದ್ರೆ ಹಾಕಿ ಕೊಡುವರು. ಮೇಲೆ ಹೇಳಿದ ಸ್ಪೈಡರ್‌ಮ್ಯಾನ್ ಪ್ರತಿಗೆ ೯.೬ ಅಂಕಗಳು ಬಂದಿದ್ದುವು. ಅದೇ ಪುಸ್ತಕದ ಹರಿದು ಮಾಸಿದ ಪ್ರತಿಗಳು ಅದರ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ ಬೆಲೆಗೆ ಹೋಗುವುದುಂಟು. ೧೯೭೪ರ ನವೆಂಬರಿನ 'ಇನ್‌ಕ್ರೆಡಿಬಲ್ ಹಲ್ಕ್' ೧೮೧ನೆಯ ಸಂಖ್ಯೆಯಲ್ಲಿ ವುಲ್ವರೀನ್ ಎಂಬ ಪಾತ್ರವು ಮೊದಲು ಪೂರ್ತಿಯಾಗಿ ಬಂದಿದೆ. ಅದರೊಳಗೆ ಮಕ್ಕಳು ಕತ್ತರಿಸಿ ಪುಸ್ತಕದಲ್ಲಿ ಅಂಟಿಸಲೆಂದು ಒಂದು ಸಣ್ಣ ಚಿತ್ರದ ಚೀಟಿ ಇತ್ತು. ಆ ಚೀಟಿಯನ್ನು ಕತ್ತರಿಸಿದ ಪ್ರತಿಯ ಬೆಲೆಯು ಬಹುವಾಗಿ ಇಳಿಯುವುದು. ಹೇಳಿದಂತೆ ಕೇಳಿದ ಮಗುವಿನ ಪುಸ್ತಕಕ್ಕೆ ಬೆಲೆ ಕಡಿಮೆ!

ಮೂರನೆಯದು, ಪುಸ್ತಕವು ಮೂಲರೂಪದಲ್ಲಿಯೇ ಇರುವುದು. ಹರಿದದ್ದಕ್ಕೆ ಅಂಟುಪಟ್ಟಿ ಹಚ್ಚಿದರೆ, ಬಣ್ಣ ಹೋದಲ್ಲಿ ಬಣ್ಣ ತುಂಬಿದರೆ, ಅಂಚನ್ನು ಕತ್ತರಿಸಿ ಸಮಮಾಡಿದರೆ ಅದು ನೋಡಲಿಕ್ಕೆ ಚೆಂದವಾಗಬಹುದು. ಆದರೆ ಬೆಲೆ ಇಳಿಯುವುದು. ದುರಸ್ತಿಯಾದ ಪುಸ್ತಕಕ್ಕೆ ಪರೀಕ್ಷಕರು ಬೇರೆ ಬಣ್ಣದ ಚೀಟಿಯನ್ನೇ ಅಂಟಿಸುವರು. ಮರುಮುದ್ರಣಗಳ ವಿಷಯದಲ್ಲಿಯೂ ಎಚ್ಚರವಾಗಿರಬೇಕು. 'ಆ್ಯಕ್ಷನ್ ಕಾಮಿಕ್ಸ್' ಒಂದನೆಯ ಸಂಖ್ಯೆಯನ್ನು ಪ್ರಕಾಶಕರೇ ೧೯೭೪ರಲ್ಲಿ ದೊಡ್ಡ ಆಕಾರದಲ್ಲಿ ಪುನಃ ಅಚ್ಚುಹಾಕಿದರು. ಅದರ ಹೊರಗಿನ ಹೊದಿಕೆಯನ್ನು ಕಿತ್ತರೆ ಒಳಗೆ ಹಳೆಯದರಂತೆಯೇ ಇನ್ನೊಂದು ಮೇಲ್ಪುಟವಿರುವುದರಿಂದ ಮೋಸಹೋದವರು ಉಂಟು. ಅಳತೆಯನ್ನು ನೋಡಿದ ಮಾತ್ರಕ್ಕೆ ಗುಟ್ಟು ತಿಳಿಯುವುದು; ಮರುಮುದ್ರಣವು ಮೂಲಕ್ಕಿಂತ ಬಹಳ ದೊಡ್ಡದು.

ನಾಲ್ಕನೆಯದು, ಪುಸ್ತಕದ ಚರಿತ್ರೆ, ಎಂದರೆ ಅದು ಯಾರ ಬಳಿಯಲ್ಲಿತ್ತು, ಹೇಗೆ ಉಳಿಯಿತು ಎಂಬುದು. ಕೊಲೊರಾಡೊ ಸಂಸ್ಥಾನದಲ್ಲಿ ಎಡ್ಗರ್ ಚರ್ಚ್ ಎಂಬ ಜಾಹೀರಾತು ಚಿತ್ರಕಾರರಿದ್ದರು. ಅವರು ತಮ್ಮ ಕಸುಬಿಗೆ ಸಹಾಯವಾಗಲೆಂದು ವರ್ಷಗಟ್ಟಲೆ ಕಾಮಿಕ್ ಪುಸ್ತಕಗಳನ್ನು ಹೊಸದಾಗಿ ಕೊಂಡು ಒಂದರ ಮೇಲೊಂದು ಒಟ್ಟಿ ಇಟ್ಟಿದ್ದರು. ಆ ಎತ್ತರದ ಪ್ರದೇಶದ ಒಣಹವೆಯೂ, ಒತ್ತಾದ ಜೋಡಣೆಯೂ, ಕತ್ತಲೆಯೂ ಕೂಡಿ ಅವುಗಳನ್ನು ಕಾಪಾಡಿದುವು. ೧೯೭೭ರಲ್ಲಿ ಆ ಮನೆಯಿಂದ ಹದಿನಾರು ಸಾವಿರಕ್ಕೂ ಮೇಲ್ಪಟ್ಟ ಪುಸ್ತಕಗಳು ಹೊರಬಿದ್ದಾಗ ಅನೇಕವು ಅಂಗಡಿಯಿಂದ ಅಂದೇ ತಂದವುಗಳಂತೆ ಇದ್ದುವು. ಇಂದಿಗೂ ಆ ಸಂಗ್ರಹದ ಪ್ರತಿಯೆಂದರೆ ಬೆಲೆ ಹೆಚ್ಚು. ಇನ್ನೊಂದು ಉದಾಹರಣೆ: ನಿಕೋಲಸ್ ಕೇಜ್ ಎಂಬ ಚಲನಚಿತ್ರ ನಟರು ಒಂದೂವರೆ ಲಕ್ಷ ಡಾಲರು ಕೊಟ್ಟು ಕೊಂಡ 'ಆ್ಯಕ್ಷನ್ ಕಾಮಿಕ್ಸ್' ಪ್ರತಿಯು ೨೦೦೦ದಲ್ಲಿ ಕಳುವಾಗಿ, ೨೦೧೧ರಲ್ಲಿ ಕ್ಯಾಲಿಫೋರ್ನಿಯಾದ ಬಾಡಿಗೆಯ ದಾಸ್ತಾನುಕೋಣೆಯೊಂದರಲ್ಲಿ ಸಿಕ್ಕಿ, ಅದೇ ವರ್ಷದ ಹರಾಜಿನಲ್ಲಿ ೨೧ ಲಕ್ಷ ಡಾಲರುಗಳಿಗೂ ಮೇಲ್ಪಟ್ಟ ಬೆಲೆಗೆ ಹೋಯಿತು. ಕಳ್ಳತನವೂ ಅದರ ಕೀರ್ತಿಗೆ ಕಾರಣವಾಯಿತು.

ಆದರೆ ನನ್ನ ಮನಸ್ಸನ್ನು ಮುಟ್ಟಿದ ಕಥೆಯು ಮತ್ತೊಂದು. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ತಾಯಿಯು ತನ್ನ ಬಳಿ ಬೆಲೆಬಾಳುವ ಹಳೆಯ ಕಾಮಿಕ್ ಪುಸ್ತಕಗಳುಂಟೆಂದು ಮಕ್ಕಳಿಗೆ ಹೇಳುತ್ತಿದ್ದಳಂತೆ, ಆದರೆ ತೋರಿಸಿರಲಿಲ್ಲ. ಅವಳೂ ಅವಳ ಅಣ್ಣತಮ್ಮನೂ ಆ ದೇಶದ ಮಹಾ ಆರ್ಥಿಕ ಸಂಕಟಕ್ಕೂ ಮಹಾಯುದ್ಧಕ್ಕೂ ನಡುವಣ ಕಷ್ಟಕಾಲದಲ್ಲಿ ಕೊಂಡವುಗಳು ಅವು. ಅವಳು ತೀರಿಕೊಂಡ ಬಳಿಕ ೨೦೨೪ರಲ್ಲಿ ಮೂವರು ಗಂಡುಮಕ್ಕಳು ಅಟ್ಟವನ್ನು ಬರಿದುಮಾಡುತ್ತಿರಲು, ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ವರ್ತಮಾನ ಪತ್ರಿಕೆಗಳ ಅಡಿಯಲ್ಲಿ ೧೯೩೯ರ 'ಸೂಪರ್‌ಮ್ಯಾನ್' ಒಂದನೆಯ ಸಂಖ್ಯೆಯು ಸಿಕ್ಕಿತು. ಪರೀಕ್ಷಕರು ಅದಕ್ಕೆ ೯.೦ ಅಂಕ ಕೊಟ್ಟರು. ೨೦೨೫ರ ನವೆಂಬರಿನಲ್ಲಿ ಅದು ೯೧ ಲಕ್ಷ ೨೦ ಸಾವಿರ ಡಾಲರುಗಳಿಗೆ ಹರಾಜಾಯಿತು. ಅಂದಿನ ವರೆಗೆ ಯಾವ ಕಾಮಿಕ್ ಪುಸ್ತಕಕ್ಕೂ ಹರಾಜಿನಲ್ಲಿ ಅಷ್ಟು ಬೆಲೆ ಬಂದಿರಲಿಲ್ಲ. ಸಾವಿರಾರು ತಾಯಂದಿರು ಹೊರಗೆ ಹಾಕಿದ್ದನ್ನು ಒಬ್ಬ ತಾಯಿಯು ಇಟ್ಟುಕೊಂಡಳು. ಆ ಬೆಲೆಯಲ್ಲಿ ಇಬ್ಬಗೆಯ ತಾಯಂದಿರದೂ ಪಾಲಿದೆ.

ಇದನ್ನು ಓದಿ, "ಹಾಗಾದರೆ ನಾವೂ ಮಕ್ಕಳ ಹೆಸರಿನಲ್ಲಿ ಇಂಥಾ ಪುಸ್ತಕಗಳನ್ನು ಕೊಂಡಿಡೋಣ" ಎಂದು ಯಾರಾದರೂ ಯೋಚಿಸುವುದಾದರೆ, ಅವರು ಮುಂದಿನ ಸಂಗತಿಯನ್ನೂ ತಿಳಿಯತಕ್ಕದ್ದು. ೧೯೯೦ರ ದಶಕದ ಮೊದಲಲ್ಲಿ ಅಮೇರಿಕಾದ ಜನರು ಹೀಗೆಯೇ ಯೋಚಿಸಿದರು. ಪ್ರಕಾಶಕರು ಅದನ್ನು ಅರಿತು ಹೊಳೆಯುವ ಮೇಲ್ಪುಟಗಳನ್ನೂ, ಒಂದೇ ಸಂಖ್ಯೆಗೆ ಐದಾರು ಬೇರೆ ಬೇರೆ ಮೇಲ್ಪುಟಗಳನ್ನೂ ಮಾಡಿ ಮಾರಿದರು. ೧೯೯೧ರ 'ಎಕ್ಸ್-ಮೆನ್' ಒಂದನೆಯ ಸಂಖ್ಯೆಯ ೮೦ ಲಕ್ಷಕ್ಕೂ ಹೆಚ್ಚು ಪ್ರತಿಗಳು ಅಂಗಡಿಗಳಿಗೆ ಹೋದುವು. ೧೯೯೨ರ ನವೆಂಬರಿನಲ್ಲಿ ಸೂಪರ್‌ಮ್ಯಾನನು ಸತ್ತನೆಂಬ ಕಥೆಯ ೭೫ನೆಯ ಸಂಖ್ಯೆಯನ್ನು ಕಪ್ಪು ಚೀಲದಲ್ಲಿ ಹಾಕಿ ಮಾರಿದಾಗ ಜನರು ಸಾಲುಗಟ್ಟಿ ನಿಂತು ಲಕ್ಷಗಟ್ಟಲೆ ಕೊಂಡರು. ಅನೇಕರು ಚೀಲವನ್ನು ತೆರೆಯಲೂ ಇಲ್ಲ, ಓದಲೂ ಇಲ್ಲ. ಎಲ್ಲರೂ ಜೋಪಾನವಾಗಿ ಇಟ್ಟುಕೊಂಡುದರಿಂದ ಅದು ಎಲ್ಲರ ಬಳಿಯೂ ಇದೆ; ಆದಕಾರಣ ಅದಕ್ಕೆ ಹೇಳಿಕೊಳ್ಳುವಂಥಾ ಬೆಲೆಯಿಲ್ಲ. ಆ ಗುಳ್ಳೆಯು ಒಡೆದಾಗ ಎಷ್ಟೋ ಅಂಗಡಿಗಳು ಮುಚ್ಚಿದುವು. ಮಾರ್ವೆಲ್ ಎಂಬ ದೊಡ್ಡ ಕಂಪೆನಿಯೇ ೧೯೯೬ರ ಡಿಸೆಂಬರಿನಲ್ಲಿ ದಿವಾಳಿಗೆ ಅರ್ಜಿ ಹಾಕಿತು. ಬೆಲೆ ಬರಲೆಂದೇ ಮಾಡಿದ ವಸ್ತುವಿಗೆ ಬೆಲೆ ಬರುವುದು ಅಪರೂಪ. ಓದಲಿಕ್ಕೆಂದು ಕೊಂಡ ಪುಸ್ತಕದಲ್ಲಿ ಓದಿದ ಲಾಭವಾದರೂ ಉಳಿಯುವುದು.

ಈ ವಿಷಯಕ್ಕೂ ನಮ್ಮ ನಾಡಿಗೂ ಸಂಬಂಧವೇ ಇಲ್ಲವೆನ್ನಬೇಡಿರಿ. 'ಅಮರ ಚಿತ್ರ ಕಥೆ'ಯು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರ ಹೆಸರಿನೊಡನೆ ಸೇರಿಕೊಂಡಿರುವುದು ನಿಮಗೆ ಗೊತ್ತು. ಆದರೆ ಅವರ ಪ್ರಸಿದ್ಧವಾದ 'ಕೃಷ್ಣ' ಎಂಬ ಪುಸ್ತಕಕ್ಕೆ ೧೧ನೆಯ ಸಂಖ್ಯೆ ಏಕೆಂದು ಎಷ್ಟು ಮಂದಿ ಕೇಳಿದ್ದಾರೆ? ಮೊದಲಿನ ಹತ್ತು ಸಂಖ್ಯೆಗಳು ೧೯೬೫ರ ಸುಮಾರಿಗೆ ಬೆಂಗಳೂರಿನಲ್ಲಿ ಆರಂಭವಾದ ಪ್ರಯತ್ನದ ಫಲವಾಗಿ ಕನ್ನಡದಲ್ಲಿ ಬಂದುವು. ಅವು ಸಿಂಡರೆಲ್ಲಾ ಮೊದಲಾದ ಪಾಶ್ಚಾತ್ಯ ಕಥೆಗಳ ಭಾಷಾಂತರಗಳು. ೧೯೬೪ರಿಂದ ೧೯೯೦ರ ವರೆಗೆ ಮುಂಬಯಿಯಿಂದ ಹೊರಟ 'ಇಂದ್ರಜಾಲ ಕಾಮಿಕ್ಸ್' ಪುಸ್ತಕಗಳಲ್ಲಿ ಫ್ಯಾಂಟಮ್ ಎಂಬ ಮುಖವಾಡದ ವೀರನನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಅವೂ ನಮ್ಮ ಮನೆಗಳ ಅಟ್ಟದಿಂದ ಗುಜರಿಯ ದಾರಿಯನ್ನು ಹಿಡಿದುವು. ಈಗ ಅವುಗಳನ್ನು ಹುಡುಕುವವರು ನಮ್ಮಲ್ಲಿಯೂ ಇದ್ದಾರೆ.

ನಿಮ್ಮ ಮನೆಯಲ್ಲಿ ಇಂಥಾ ಪುಸ್ತಕಗಳೇನಾದರೂ ಇದ್ದರೆ ಇಷ್ಟು ಮಾಡಿರಿ. ಅಂಟುಪಟ್ಟಿ ಹಚ್ಚಬೇಡಿರಿ, ಪ್ಲಾಸ್ಟಿಕ್ ಒತ್ತಿಸಬೇಡಿರಿ, ಬಿಸಿಲಿಗೆ ಹಾಕಬೇಡಿರಿ. ಆಮ್ಲವಿಲ್ಲದ ರಟ್ಟಿನ ಮೇಲೆ ಇಟ್ಟು, ಒಳ್ಳೆಯ ಪಾಲಿಪ್ರೊಪಿಲಿನ್ ಚೀಲದಲ್ಲಿ ಹಾಕಿ, ಕತ್ತಲೆಯೂ ತಂಪೂ ಆದ ಒಣಗಿದ ಕಪಾಟಿನಲ್ಲಿಡಿರಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ನೆಲದ ಮೇಲೂ ಹೊರಗೋಡೆಯ ಪಕ್ಕದಲ್ಲೂ ಕಾಗದವನ್ನು ಇಡಕೂಡದೆಂದು ನಾನು ಹೇಳಬೇಕಾದದ್ದಿಲ್ಲ. ಈ ಉಪದೇಶವು ಕಾಮಿಕ್ ಪುಸ್ತಕಗಳಿಗೆ ಹೇಗೋ ಅಜ್ಜನ ಕಾಗದಗಳಿಗೂ, ಮದುವೆಯ ಭಾವಚಿತ್ರಗಳಿಗೂ, ಈ ಸ್ಮರಣ ಸಂಚಿಕೆಗೂ ಹಾಗೆಯೇ ಸಲ್ಲುವುದು.

ಬೆಲೆಯ ಮಾತನ್ನು ಮುಗಿಸುವ ಮೊದಲು ಆ ಇಬ್ಬರು ತರುಣರನ್ನು ಪುನಃ ನೆನೆಯೋಣ. ತಮ್ಮ ಸೃಷ್ಟಿಯಿಂದ ಇತರರು ಕೋಟಿಗಟ್ಟಲೆ ಗಳಿಸುತ್ತಿರಲು ಅವರು ನ್ಯಾಯಾಲಯಗಳಿಗೆ ಅಲೆದು ಸೋತು, ಬಡತನವನ್ನು ಅನುಭವಿಸಿದರು. ೧೯೭೫ರಲ್ಲಿ ಸೀಗೆಲರು ವರ್ತಮಾನ ಪತ್ರಿಕೆಗಳಿಗೆ ತಮ್ಮ ಅಳಲನ್ನು ಬರೆದು ತಿಳಿಸಿ, ಜನರ ಒತ್ತಾಯವು ಹೆಚ್ಚಿದ ಮೇಲೆ, ಕಂಪೆನಿಯು ಒಬ್ಬೊಬ್ಬರಿಗೆ ವರ್ಷಕ್ಕೆ ೨೦ ಸಾವಿರ ಡಾಲರು ಕೊಡಲೂ ಅವರ ಹೆಸರುಗಳನ್ನು ಪುನಃ ಅಚ್ಚುಹಾಕಲೂ ಒಪ್ಪಿತು. ಶುಸ್ಟರ್ ೧೯೯೨ರಲ್ಲಿ, ಸೀಗೆಲ್ ೧೯೯೬ರಲ್ಲಿ ತೀರಿಕೊಂಡರು. ೧೯೩೮ರ ಮಾರ್ಚಿಯಲ್ಲಿ ಅವರಿಬ್ಬರ ಹೆಸರಿಗೆ ಬರೆದುಕೊಟ್ಟ ಚೆಕ್ಕು ಉಳಿದುಕೊಂಡಿತ್ತು. ಬೇರೆ ಕೆಲಸಗಳ ಸಂಬಳವೂ ಸೂಪರ್‌ಮ್ಯಾನನ ೧೩೦ ಡಾಲರೂ ಸೇರಿ ಒಟ್ಟು ೪೧೨ ಡಾಲರುಗಳ ಆ ಚೆಕ್ಕು ೨೦೧೨ರಲ್ಲಿ ೧ ಲಕ್ಷ ೬೦ ಸಾವಿರ ಡಾಲರುಗಳಿಗೆ ಹರಾಜಾಯಿತು. ಕೂಲಿಯ ಚೀಟಿಗೆ ಕೂಲಿಗಿಂತ ಹೆಚ್ಚು ಬೆಲೆ ಬಂತು. ಕೂಲಿಯವರು ಅದನ್ನು ಕಾಣಲಿಲ್ಲ. ಪೇಟೆಯ ಬೆಲೆಯೆಂಬುದು ಶ್ರಮಪಟ್ಟವನನ್ನು ಹುಡುಕಿಕೊಂಡು ಹೋಗುವುದಿಲ್ಲವೆಂಬುದನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಸ್ಪಷ್ಟವಾದ ಪಾಠವು ನನಗೆ ತಿಳಿಯದು.

ಇನ್ನು ನನ್ನ ಹಳೆಯ ವಿದ್ಯಾರ್ಥಿನಿಯ ಪುಸ್ತಕದ ಮಾತು. ಮೇಲ್ಪುಟದ ಮೇಲೆ ಶಾಯಿಯಲ್ಲಿ ಹೆಸರು ಬರೆದಿದ್ದುದರಿಂದ ಪರೀಕ್ಷಕರು ಅದಕ್ಕೆ ಅಂಕವನ್ನು ಕಡಿಮೆ ಮಾಡುತ್ತಿದ್ದರು. ಆದರೆ ಆ ಮನೆಯವರು ಅದನ್ನು ಇಟ್ಟುಕೊಳ್ಳಬೇಕೆಂದಿದ್ದುದು ಆ ಹೆಸರಿಗಾಗಿಯೇ. ತೀರಿಕೊಂಡ ಸೋದರಮಾವನ ಕೈಬರಹವನ್ನು ನಾನು ತೂಕಕ್ಕೆ ಕೊಟ್ಟೆನು. ಇದನ್ನು ಅವಳಿಗೆ ಕಾಗದ ಬರೆದು ಒಪ್ಪಿಕೊಂಡು ಕ್ಷಮೆ ಕೇಳಿದೆನು. ಅವಳ ಉತ್ತರವು ನನ್ನ ಯೋಗ್ಯತೆಗಿಂತ ಹೆಚ್ಚು ಮೃದುವಾಗಿತ್ತು. ಕೊನೆಯಲ್ಲಿ ಅವಳ ಮಗನು ತನ್ನ ಕೈಯಿಂದಲೇ ಒಂದು ಸಾಲನ್ನು ಸೇರಿಸಿದ್ದನು: ಅಜ್ಜನ ಪುಸ್ತಕ ಯಾವುದೆಂದು ತಾನು ದೊಡ್ಡವನಾದ ಮೇಲೆ ಹುಡುಕಿ ತಿಳಿಸುವನಂತೆ.

ಈ ವರ್ಷದಿಂದ ನಮ್ಮ ಶಾಲೆಯಲ್ಲಿ ಒಂದು ಸಣ್ಣ ನಿಯಮವನ್ನು ಮಾಡಿದ್ದೇವೆ. ತರಗತಿಯಲ್ಲಿ ಪಾಠದ ಹೊತ್ತಿಗೆ ಬೇರೆ ಪುಸ್ತಕವನ್ನು ಓದುವುದು ಈಗಲೂ ತಪ್ಪೇ. ಅದನ್ನು ಈಗಲೂ ತೆಗೆದಿಡುವೆವು. ಆದರೆ ತೆಗೆದಿಟ್ಟ ಉಪಾಧ್ಯಾಯಿನಿಯು ಅದರ ಹೆಸರು, ಸಂಖ್ಯೆ, ಅದರ ಮೇಲಿರುವ ಬರಹ ಇವನ್ನು ಒಂದು ನೋಟುಪುಸ್ತಕದಲ್ಲಿ ದಾಖ್ಲು ಮಾಡಿ, ಒಂದು ಕಥೆಯನ್ನಾದರೂ ತಾನು ಓದಿ, ಶನಿವಾರ ಶಾಲೆ ಬಿಡುವಾಗ ಹುಡುಗಿಯ ಕೈಗೇ ಹಿಂದಕ್ಕೆ ಕೊಡತಕ್ಕದ್ದು. ಹೆತ್ತವರೂ ಮನೆಯ ಅಟ್ಟವನ್ನು ಬರಿದುಮಾಡುವ ಮೊದಲು ಅದು ಯಾರದೆಂದು ಒಮ್ಮೆ ಕೇಳಬೇಕಾಗಿ ನನ್ನ ವಿನಂತಿ.